ಮೀನು ತಿನ್ನುವ ಡೈನೋಸಾರಿನೊಳಗೆ ಅಪ್ಪ

ನಮ್ಮ ಮನೆತನದಲ್ಲಿ ಯಾರೂ ಮೀನು ತಿಂದವರಲ್ಲ. ಅಂಥ ಮನೆಯ ಹಿರಿಯನಾದ ಅಪ್ಪ, ಅರವತ್ತು ದಾಟಿದ ಮೇಲೆ, ಹಳೆ ಮದ್ರಾಸ್ ರಸ್ತೆಯ ಒಂದು ಮಾಲಿನಲ್ಲಿ ಜನರೆದುರು ಮೀನು ಹಿಡಿದು ತಿನ್ನುವ ಕೆಲಸಕ್ಕೆ ಸೇರಿದ. ಕೆಲಸ ಕೊಡಿಸಿದವಳು ನಾನು.

ನಾನು ಆ ಮಾಲಿನ ಮೈಕಿನವಳು. ಯಾರದೋ ಕಾರಿನ ದೀಪ ಉರಿಯುತ್ತಿದ್ದರೆ, ಯಾರದೋ ಮಗು ತಪ್ಪಿಸಿಕೊಂಡಿದ್ದರೆ, ಮೂರನೇ ಮಹಡಿಯಲ್ಲಿ ಪ್ಯಾಂಟುಗಳಿಗೆ ರಿಯಾಯಿತಿ ಇದ್ದರೆ, ಅದನ್ನು ಮೊದಲು ಇಂಗ್ಲಿಷಿನಲ್ಲೂ ಆಮೇಲೆ ಕನ್ನಡದಲ್ಲೂ ಹೇಳುವುದು ನನ್ನ ಕೆಲಸ. ಮೂರಕ್ಕೂ ದನಿ ಒಂದೇ ಥರ ಇರಬೇಕು ಅಂತ ಸೇರಿದ ದಿನವೇ ಹೇಳಿಕೊಟ್ಟಿದ್ದರು. ಹಾಗೇ ಅಭ್ಯಾಸವಾಗಿ ಹೋಯಿತು. ಈಗಲೂ ಫೋನಿನಲ್ಲಿ ಸಾವಿನ ಸುದ್ದಿ ಹೇಳಿದರೆ ಪ್ಯಾಂಟಿನ ಸುದ್ದಿ ಹೇಳಿದ ಹಾಗೇ ಕೇಳಿಸುತ್ತದೆ ಅಂತ ಅವ್ವ ಬೈಯುತ್ತಾಳೆ.

ನಮ್ಮದು ಕುಷ್ಟಗಿ ಕಡೆಯ ಊರು. ಬೆಂಗಳೂರಿಗೆ ಮೊದಲು ಬಂದವಳು ನಾನು, ಹಿಂದೆಯೇ ಅವ್ವ ಬಂದಳು. ಕೆ.ಆರ್. ಪುರದ ದೇವಸಂದ್ರದಲ್ಲಿ ಒಂದು ರೂಮು, ಅದಕ್ಕೆ ಅಂಟಿಕೊಂಡ ಒಂದು ಅಡುಗೆಮನೆ. ಅವ್ವ ಅಲ್ಲೇ ಜೋಳದ ರೊಟ್ಟಿ ಬಡಿದು ಸುತ್ತಲಿನ ಹಾಸ್ಟೆಲುಗಳಿಗೆ ಕೊಡುತ್ತಿದ್ದಳು. ಅಪ್ಪ ಕೊನೆಗೆ ಬಂದ. ಅವನು ನಾಟಕ ಕಂಪನಿಯಲ್ಲಿದ್ದವನು. ಭೀಮ, ದುರ್ಯೋಧನ, ಸಾಮಾಜಿಕ ನಾಟಕಗಳಲ್ಲಿ ಕುಡುಕ ಗೌಡ, ಇವು ಅವನ ಪಾತ್ರಗಳು. ಕಂಪನಿ ಊರಿಂದೂರಿಗೆ ಟೆಂಟು ಹಾಕುತ್ತಿತ್ತು. ಅಪ್ಪ ವರ್ಷಕ್ಕೆ ಒಂದೆರಡು ಸಲ ಮನೆಗೆ ಬಂದು ಎಲ್ಲರ ಮೇಲೂ ಜೋರು ದನಿಯಲ್ಲಿ ಪ್ರೀತಿ ತೋರಿಸಿ ಹೋಗುತ್ತಿದ್ದ. ಅವನು ಪಾತ್ರ ಮಾಡಿದ್ದನ್ನು ನಾನು ಒಮ್ಮೆಯೂ ನೋಡಿರಲಿಲ್ಲ. ಚಿಕ್ಕವಳಿದ್ದಾಗ ಕರೆದುಕೊಂಡು ಹೋಗು ಅಂದರೆ, ಮನೆಯಾಗ ನೋಡಿದ್ದು ಸಾಲದೇನ ಅಂತ ಅವ್ವ ಕೇಳುತ್ತಿದ್ದಳು. ನಾನು ದೊಡ್ಡವಳಾಗುವ ಹೊತ್ತಿಗೆ ಕಂಪನಿ ಮುಚ್ಚಿತು.

ಒಂದು ಮಳೆಗಾಲ ಮಾಲಿನ ನೆಲಮಹಡಿಯಲ್ಲಿ ಡೈನೋಸಾರ್ ಪ್ರದರ್ಶನ ಇಟ್ಟರು. ಹೆಚ್ಚಿನವು ಕರೆಂಟಿನಲ್ಲಿ ತಲೆ ಆಡಿಸುವ ರಬ್ಬರ್ ಬೊಂಬೆಗಳು. ಒಂದು ಮಾತ್ರ ಮನುಷ್ಯ ಒಳಗೆ ಹೊಕ್ಕು ಆಡಿಸಬೇಕಾದ ವೇಷ. ಅದರ ಹೆಸರು ಬ್ಯಾರಿಯೋನಿಕ್ಸ್. ಮೊಸಳೆಯಂಥ ಉದ್ದ ಮೂತಿ, ಬಾಗಿದ ಬೆನ್ನು, ಎರಡು ಕೈಗಳ ಹೆಬ್ಬೆರಳಿಗೂ ಕುಡುಗೋಲಿನಷ್ಟು ದೊಡ್ಡ ಉಗುರು. ಒಳಗೆ ಸೊಂಟಕ್ಕೆ ಕಟ್ಟುವ ಅಲ್ಯೂಮಿನಿಯಂ ಚೌಕಟ್ಟು, ಕಾಲುಗಳಿಗೆ ಗಟ್ಟಿ ಫೋಮು, ನೆಲಕ್ಕೆ ಊರಿ ನಿಲ್ಲುವ ಬಾಲ. ಬಾಯಿ ತೆರೆಯುವುದಕ್ಕೆ ಸೈಕಲ್ಲಿನ ಬ್ರೇಕು. ಮುಂದುಗಡೆ ನೀಲಿ ಪ್ಲಾಸ್ಟಿಕ್ ಹಾಳೆಯ ಒಂದು ಹೊಳೆ, ಅಡಿಯಿಂದ ಫ್ಯಾನಿನ ಗಾಳಿ ಬಿಟ್ಟರೆ ಅಲೆ ಏಳುತ್ತಿತ್ತು. ಅದರ ಮೇಲೆ ದಾರಕ್ಕೆ ಕಟ್ಟಿದ ಬಟ್ಟೆಯ ಮೀನುಗಳು ಹಾಯುತ್ತಿದ್ದವು.

ಆ ವೇಷ ಹಾಕಲು ಒಪ್ಪಿಕೊಂಡಿದ್ದ ಜಿಮ್ಮಿನ ಹುಡುಗ ತಾಲೀಮಿನ ದಿನ ಅರ್ಧ ತಾಸು ಒಳಗಿದ್ದು, ಹೊರಬಂದು, ನೀರು ಕುಡಿದು, ಗಾಡಿ ಹತ್ತಿ ಹೋದವನು ಫೋನ್ ಎತ್ತಲಿಲ್ಲ. ನಮ್ಮ ಕಾರ್ಯಕ್ರಮಗಳ ಉಸ್ತುವಾರಿಯವರು ಕಾಕ್ಸ್ ಟೌನಿನವರು. ಮನೆಯಲ್ಲಿ ತಮಿಳು, ಚರ್ಚಿನಲ್ಲಿ ಇಂಗ್ಲಿಷು, ಸಿಟ್ಟು ಬಂದಾಗ ಕನ್ನಡ. ಅವತ್ತು ಬೆಳಗಿನಿಂದ ಕನ್ನಡದಲ್ಲೇ ಇದ್ದರು. ನಮ್ಮಪ್ಪನಿಗೆ ವೇಷ ಹಾಕಿ ಅಭ್ಯಾಸ ಇದೆ ಸರ್ ಅಂದೆ. ಎಂಥ ವೇಷ ಅಂತ ಕೇಳಿದರು. ಭೀಮ ಅಂದೆ. ಅವರು, ಭೀಮ ದಪ್ಪ ಇರ್ತಾನಲ್ಲ, ಇದರ ಹೊಟ್ಟೆ ಸಣ್ಣದು ಅಂದರು. ಅಪ್ಪ ಈಗ ಇಳಿದಿದ್ದಾನೆ ಅಂದೆ.

ಸಂಜೆ ಮನೆಯಲ್ಲಿ ವಿಷಯ ಹೇಳಿದಾಗ ಅಪ್ಪ ಟಿವಿ ಆರಿಸಿದ. ಬೆಂಗಳೂರಿಗೆ ಬಂದ ಮೇಲೆ ಅವನು ಟಿವಿ ಆರಿಸಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ಎಲ್ಲ ಕೇಳಿಸಿಕೊಂಡು, ಕೊಳ್ಳಾಗ ಲಿಂಗ ಕಟ್ಟಿಕೊಂಡು ಮೀನ ತಿಂತೀರೇನ ಅಂತ ಒಂದೇ ಮಾತು ಕೇಳಿದಳು.

ಅಪ್ಪ ಹೇಳಿದ: "ಲಿಂಗ ಒಳಗಿರತೈತಿ. ಮೀನ ಹೊರಗಿರತೈತಿ."

ಅವ್ವ ಬಡಿದ ರೊಟ್ಟಿಯನ್ನು ಹಂಚಿಗೆ ಹಾಕಿದಳು. ಅದನ್ನು ಒಪ್ಪಿಗೆ ಅಂತಲೇ ತಿಳಿದೆವು.

ಹೇಳಬೇಕಾದ ವಿವರಣೆಯನ್ನು ಪ್ರದರ್ಶನದವರು ಇಂಗ್ಲಿಷಿನಲ್ಲಿ ಕೊಟ್ಟಿದ್ದರು. ಕನ್ನಡಕ್ಕೆ ತರುವುದು ನನ್ನ ಪಾಲಿಗೆ ಬಂತು. ಮರುದಿನ ಅಪ್ಪ ಮಾಲಿಗೆ ಬಂದು ವೇಷ ಹಾಕಿ ತಾಲೀಮು ಮಾಡಿದ. ಅವತ್ತು ರಾತ್ರಿ ಊಟವಾದ ಮೇಲೆ ಅವನಿಗೆ ಓದಿ ಹೇಳಿದೆ. ಹನ್ನೆರಡು ಹದಿಮೂರು ಕೋಟಿ ವರ್ಷಗಳ ಹಿಂದಿನ ಪ್ರಾಣಿ. ಇಂಗ್ಲೆಂಡಿನಲ್ಲಿ ಜೇಡಿಮಣ್ಣು ತೆಗೆಯುವ ಗುಂಡಿಯೊಂದರಲ್ಲಿ ಮೊದಲು ಅದರ ಉಗುರು ಸಿಕ್ಕಿತು, ಆಮೇಲೆ ಉಳಿದ ಮೂಳೆ. ಮಾಂಸ ತಿನ್ನುವ ಬೇರೆ ಡೈನೋಸಾರುಗಳ ಹಲ್ಲು ಚೂರಿಯ ಹಾಗೆ ಚಪ್ಪಟೆ. ಇದರದು ಹಾಗಲ್ಲ, ದಬ್ಬಣದ ಹಾಗೆ ದುಂಡಗೆ, ಚೂಪು, ಲೆಕ್ಕದಲ್ಲೂ ಜಾಸ್ತಿ. ಜಾರುವ ಮೀನನ್ನು ಹಿಡಿದಿಡಲು ಅಂಥದೇ ಬೇಕು. ಮೂಗಿನ ಹೊಳ್ಳೆ ಮೂತಿಯ ತುದಿಯಲ್ಲಿಲ್ಲ, ಹಿಂದಕ್ಕಿದೆ, ಮೂತಿ ನೀರಿನಲ್ಲಿ ಅದ್ದಿದಾಗಲೂ ಉಸಿರಾಡಬಹುದು. ಹೊಟ್ಟೆಯಿದ್ದ ಜಾಗದಲ್ಲಿ ಅರ್ಧ ಜೀರ್ಣವಾದ ಮೀನಿನ ಹುರುಪೆ ಸಿಕ್ಕಿದೆ. ಜೊತೆಗೆ ಬೇರೊಂದು ಡೈನೋಸಾರಿನ ಮರಿಯ ಮೂಳೆಯೂ ಸಿಕ್ಕಿದೆ.

ಅಪ್ಪ ಅಲ್ಲಿ ತಡೆದ. ಮೀನು ತಿನ್ನುವವನು ಅಂದಿ, ಮರಿ ಯಾಕ ತಿಂದ ಅಂತ ಕೇಳಿದ. ಸಿಕ್ಕಾಗ ಅದನ್ನೂ ತಿನ್ನುತ್ತಿತ್ತಂತೆ ಅಂದೆ. ಅಪ್ಪ ಅದನ್ನು ಹಬ್ಬದೂಟ ಅಂತ ಇಟ್ಟುಕೊಂಡ. ಆಮೇಲೆ ಇವನ ತಂದೆ ಯಾರು, ವೈರಿ ಯಾರು, ಇವನ ದುಃಖ ಏನು ಅಂತ ಕೇಳಿದ. ನನ್ನ ಕಾಗದದಲ್ಲಿ ಅದ್ಯಾವುದೂ ಇರಲಿಲ್ಲ. ಹೊಳೆಯ ದಂಡೆಯಲ್ಲಿ ಒಂಟಿಯಾಗಿ ನಿಂತು ಕಾಯುತ್ತಿದ್ದಿರಬಹುದು, ಕೆಲವು ವಿದ್ವಾಂಸರು ಅದನ್ನು ಬಕಪಕ್ಷಿಗೆ ಹೋಲಿಸುತ್ತಾರೆ ಅಂತ ಮಾತ್ರ ಇತ್ತು.

"ಬಕ ಅಂದ್ರ ಗೊತ್ತಾತು," ಅಂದ ಅಪ್ಪ.

ಅವ್ವ ಗೋಡೆಯ ಕಡೆ ತಿರುಗಿ ಮಲಗಿದ್ದವಳು, ಜೀವಮಾನವೆಲ್ಲ ಭೀಮ ಆಗಿ ಬಕಾಸುರನ್ನ ಕೊಂದರು, ಈಗ ತಾವ ಬಕಾಸುರ ಆಗಾಕ ಹೊಂಟಾರ ಅಂದಳು.

ಬಕ ಗೊತ್ತು ಅಂದರೆ ಸಾಲದು, ನೋಡಬೇಕು ಅಂತ ಅಪ್ಪನಿಗೇ ಅನ್ನಿಸಿರಬೇಕು. ಮರುದಿನ ಬೆಳಿಗ್ಗೆ ಹಲಸೂರು ಕೆರೆಗೆ ಕರೆದುಕೊಂಡು ಹೋಗು ಅಂದ. ಮೆಟ್ರೊದಲ್ಲಿ ಹೋಗಿ ಇಳಿದು ನಡೆದೆವು. ವಾಕಿಂಗ್ ಮಾಡುವವರು ಸುತ್ತು ಹಾಕುತ್ತಿದ್ದರು. ದಡದ ಹತ್ತಿರ ಒಂದು ಬೂದು ಬಕ ನಿಂತಿತ್ತು. ಅಪ್ಪ ಬೇಲಿಯ ಈಚೆ ನಿಂತ. ಬಕ ಅಲ್ಲಾಡಲಿಲ್ಲ. ಅಪ್ಪನೂ ಅಲ್ಲಾಡಲಿಲ್ಲ. ನಾನು ಬೆಂಚಿನಲ್ಲಿ ಕೂತು ಇಡ್ಲಿ ತಿಂದು ಮುಗಿಸಿದೆ. ವಾಚ್‌ಮನ್ ಬಂದು, ಏನಮ್ಮಾ, ಅವರಿಗೆ ಹುಷಾರಿಲ್ವಾ ಅಂತ ಕೇಳಿದ. ನೋಡ್ತಿದಾರೆ ಅಂದೆ. ಅವನೂ ಸ್ವಲ್ಪ ಹೊತ್ತು ನಿಂತು ನೋಡಿ, ಏನೂ ಆಗದ್ದರಿಂದ ಹೊರಟುಹೋದ. ಅವನು ಬೆನ್ನು ತಿರುಗಿಸಿದ ಮೇಲೆ ಬಕದ ಕತ್ತು ಒಂದು ಸಲ ಹೋಗಿ ಬಂತು. ಕೊಕ್ಕಿನಲ್ಲಿ ಏನೋ ಹೊಳೆಯಿತು, ನುಂಗಿತು, ಮತ್ತೆ ಮೊದಲಿನಂತೆ ನಿಂತಿತು. ಅಪ್ಪ ನನ್ನ ಕಡೆ ತಿರುಗಿ ತಲೆಯಾಡಿಸಿದ.

ಅಲ್ಲಿಂದ ಶಿವಾಜಿನಗರಕ್ಕೆ ಹೋದೆವು. ರಸೆಲ್ ಮಾರ್ಕೆಟ್ಟಿನ ಮೀನಿನ ಸಾಲಿಗೆ ಅಪ್ಪ ಮೂಗಿಗೆ ಟವೆಲ್ ಹಿಡಿದು ಹೊಕ್ಕ. ನಮ್ಮ ಕಡೆ ಹಳಬರಿಗೆ ಉರ್ದು ಬರುತ್ತದೆ, ಅಪ್ಪನಿಗೂ ಬರುತ್ತದೆ, ಕೊಂಚ ನಾಟಕದ ಧಾಟಿಯಲ್ಲಿ. ಗಡ್ಡಕ್ಕೆ ಮೆಹಂದಿ ಹಚ್ಚಿದ ಒಬ್ಬ ಮುದುಕ ವ್ಯಾಪಾರಿಗೆ ಸಲಾಮ್ ಹೇಳಿ, ತನಗೆ ಮೀನು ಬೇಡ, ಮೀನು ಹಿಡಿಯುವುದು ಹೇಗೆ ಅಂತ ತಿಳಿಯಬೇಕು ಅಂದ. ಮುದುಕ ನಮ್ಮಿಬ್ಬರನ್ನೂ ನೋಡಿದ. ವ್ಯಾಪಾರ ಸಪ್ಪಗಿತ್ತೇನೋ, ದೊಡ್ಡ ಕಾಟ್ಲಾ ಮೀನೊಂದನ್ನು ಎಳೆದು ಅಪ್ಪನ ಕೈಗೆ ಕೊಟ್ಟ. ಅದು ಜಾರಿ ಐಸಿನ ಮೇಲೆ ಬಿತ್ತು. ಮತ್ತೆ ಕೊಟ್ಟ, ಮತ್ತೆ ಬಿತ್ತು. ಮೂರನೇ ಸಲ ಮುದುಕ ಅಪ್ಪನ ಹೆಬ್ಬೆರಳು ಹಿಡಿದು ಮೀನಿನ ಕಿವಿರಿನೊಳಗೆ ತೂರಿಸಿದ. "ಅಬ್ ಕಹಾಂ ಜಾಯೆಗಿ," ಅಂದ. ಈಗೆಲ್ಲಿಗೆ ಹೋಗುತ್ತೆ ಅಂತ. ಮೀನು ಎಲ್ಲಿಗೂ ಹೋಗಲಿಲ್ಲ.

ಆ ದೊಡ್ಡ ಉಗುರು ಹೆಬ್ಬೆರಳಿಗೇ ಯಾಕಿದೆ ಅನ್ನುವುದಕ್ಕೆ ಅಪ್ಪನ ಪಾಲಿಗೆ ಅಲ್ಲಿಗೆ ಉತ್ತರ ಸಿಕ್ಕಿಹೋಯಿತು. ವಿದ್ವಾಂಸರು ಒಪ್ಪುತ್ತಾರೋ ಇಲ್ಲವೋ ಗೊತ್ತಿಲ್ಲ. ಮನೆಗೆ ಬಂದಾಗ ಅವ್ವ ಬಾಗಿಲಲ್ಲೇ ತಡೆದು, ಮನೆ ಮಾಲೀಕರ ಕಾರ್ ತೊಳೆಯುವ ಪೈಪಿನಲ್ಲಿ ಅವನಿಗೆ ಹೊರಗೇ ಸ್ನಾನ ಮಾಡಿಸಿದಳು.

ಪ್ರದರ್ಶನ ಶುರುವಾದ ದಿನ ಅಪ್ಪ ಹೊಳೆಗೆ ಇಳಿದು ನಿಂತ. ನಾನು ಮೈಕಿನಲ್ಲಿ ಮೊದಲು ಇಂಗ್ಲಿಷು, ಆಮೇಲೆ ಕನ್ನಡ ಹೇಳಿದೆ. ಮಾತು ಮುಗಿದ ಮೇಲೂ ಅಪ್ಪ ನಿಂತೇ ಇದ್ದ. ಮಕ್ಕಳು ಮೊದಲು ಕೂಗಿದವು, ಆಮೇಲೆ ಸುಮ್ಮನಾದವು, ಆಮೇಲೆ ಕೆಲವು ಐಸ್‌ಕ್ರೀಮಿನ ಕಡೆ ಹೋದವು. ಒಂದು ಮೀನು ಹತ್ತಿರ ಬಂದಾಗ ಕೈ ಬಿದ್ದ ರಭಸಕ್ಕೆ ಮುಂದಿನ ಸಾಲಿನ ಮಗುವೊಂದು ಅಮ್ಮನ ಮಡಿಲಿಗೆ ಹಾರಿತು. ಅದು ನಾನು ನೋಡಿದ ಅಪ್ಪನ ಮೊದಲ ಪಾತ್ರ. ಅವನ ಮುಖ ಕಾಣುತ್ತಿರಲಿಲ್ಲ.

ಉಸ್ತುವಾರಿಯವರಿಗೆ ಸಮಾಧಾನವಾಗಲಿಲ್ಲ. ಡೈನೋಸಾರ್ ಅಂದ ಮೇಲೆ ಗರ್ಜಿಸಬೇಕು, ಓಡಾಡಬೇಕು ಅಂದರು. ಅಪ್ಪ ಬೆವರು ಒರೆಸಿಕೊಳ್ಳುತ್ತ, ಸಾಹೇಬ್ರ, ಮೀನ ಹಿಡಿಯೋನು ಒದರಿದ್ರ ಮೀನ ನಿಂದರತಾವೇನ್ರಿ ಅಂತ ಕೇಳಿದ. ಉಸ್ತುವಾರಿಯವರು, ಅದು ಬಟ್ಟೆ ಮೀನು ಸರ್, ಮೋಟಾರ್ ಆಫ್ ಮಾಡೋವರೆಗೂ ಬರುತ್ತೆ ಅಂದರು. ಇಬ್ಬರ ಮಾತಿನಲ್ಲೂ ಹುರುಳಿತ್ತು. ಕೊನೆಗೆ ಗರ್ಜನೆಯನ್ನು ಸ್ಪೀಕರಿನಿಂದ ಹಾಕುವುದು ಅಂತ ತೀರ್ಮಾನವಾಯಿತು.

ಮೊದಲ ಸಲ ಗರ್ಜನೆ ಬಂದಾಗ ಅಪ್ಪ ಮೆಲ್ಲಗೆ ಕತ್ತು ತಿರುಗಿಸಿ, ಯಾರು ಅದು ಅನ್ನುವ ಹಾಗೆ ಹಿಂದೆ ನೋಡಿದ. ಯಾರೂ ಇಲ್ಲ ಅಂತ ಖಾತ್ರಿ ಮಾಡಿಕೊಂಡು ಮತ್ತೆ ಹೊಳೆಯ ಕಡೆ ತಿರುಗಿದ. ಮಕ್ಕಳು ಬಿದ್ದು ಬಿದ್ದು ನಕ್ಕವು. ಐಸ್‌ಕ್ರೀಮಿಗೆ ಹೋದವೂ ವಾಪಸು ಬಂದವು. ಉಸ್ತುವಾರಿಯವರು ಅದನ್ನು ಹಾಗೇ ಇರಲಿ ಅಂದರು. ಅಲ್ಲಿಂದ ಪ್ರತಿ ಆಟದಲ್ಲೂ ಅದು ಸೇರಿತು: ಗರ್ಜನೆ ಬರುವುದು, ಡೈನೋಸಾರ್ ತಿರುಗಿ ನೋಡುವುದು.

ಸ್ವಲ್ಪ ದಿನಕ್ಕೆ ಮೀನುಗಳು ಹರಿದವು. ಅಪ್ಪನ ಉಗುರು ಕಿವಿರಿಗೇ ಬೀಳುತ್ತಿದ್ದರಿಂದ ಎಲ್ಲವೂ ಕುತ್ತಿಗೆಯ ಹತ್ತಿರವೇ ಹರಿದಿದ್ದವು. ಅವನ್ನು ಹೊಲಿಯಲು ಮನೆಗೆ ತಂದಿದ್ದೆ. ಅವ್ವ ಎರಡು ದಿನ ಅವನ್ನು ಮುಟ್ಟದೆ ಚೀಲದಲ್ಲೇ ನೋಡಿದಳು. ಮೂರನೇ ದಿನ ನಾನು ಕೆಲಸದಿಂದ ಬರುವ ಹೊತ್ತಿಗೆ ಹಳೆಯ ಇಳಕಲ್ ಸೀರೆಯೊಂದು ಮೀನುಗಳಾಗಿತ್ತು. ಕೆಂಪು ಸೆರಗಿನ ಬಾಲ, ಕಡ್ಡಿ ಅಂಚಿನ ಬೆನ್ನು, ಗುಂಡಿಯ ಕಣ್ಣು. ಕಿವಿರಿನ ಜಾಗಕ್ಕೆ ಎರಡು ಪದರ ಬಟ್ಟೆ ಕೊಟ್ಟು ಒತ್ತಾಗಿ ಹೊಲಿದಿದ್ದಳು. ನಾನು ಏನಾದರೂ ಅನ್ನುವ ಮೊದಲೇ, ಅರಿವಿಗೇನ ಮುಟ್ಟುಚಟ್ಟು ಅಂದಳು. ಬಟ್ಟೆಗೆ ಮೈಲಿಗೆಯಿಲ್ಲ ಅಂತ ಅದರ ಅರ್ಥ. ಅವು ಕೊನೆಯವರೆಗೂ ಹರಿಯಲಿಲ್ಲ.

ಶ್ರಾವಣ ಬಂತು. ಸೋಮವಾರಗಳಂದು ಅಪ್ಪ ಉಪವಾಸ. ಕಂಪನಿಯಲ್ಲಿದ್ದಾಗಲೂ ಬಿಟ್ಟವನಲ್ಲ. ನೀರು, ಒಂದು ಬಾಳೆಹಣ್ಣು, ಸಂಜೆ ಪೂಜೆಯಾದ ಮೇಲೆ ಊಟ. ಮಾಲಿನಲ್ಲಿ ಸೋಮವಾರಗಳು ಶಾಲೆಗಳಿಗೆ ಮೀಸಲು. ಅವತ್ತು ಕುಕ್ ಟೌನ್ ಕಡೆಯ ಒಂದು ಶಾಲೆಯ ಮಕ್ಕಳು ಬಂದಿದ್ದರು. ಸಮವಸ್ತ್ರದಲ್ಲಿ ಸಾಲಾಗಿ ನೆಲದ ಮೇಲೆ ಕೂತಿದ್ದರು. ಉಪವಾಸದ ದಿನ ಬೇಡ ಅಂತ ನಾನು ಬೆಳಿಗ್ಗೆ ಹೇಳಿದ್ದೆ. ಅವನು, ಇಡೀ ರಾತ್ರಿ ಗದೆ ಹೊತ್ತವನಿಗೆ ಇದೇನ ಅಂದಿದ್ದ.

ಎರಡನೇ ಆಟದಲ್ಲಿ ಅಪ್ಪ ಹೊಳೆಗೆ ಇಳಿದು ಬಾಗಿ ನಿಂತ. ನಾನು ಹೇಳಬೇಕಾದ್ದನ್ನು ಹೇಳಿದೆ: ಇದು ಕಾಯುವ ಪ್ರಾಣಿ, ಇದರ ಶಕ್ತಿ ಓಟದಲ್ಲಿಲ್ಲ, ತಾಳ್ಮೆಯಲ್ಲಿದೆ. ಒಂದು ಮೀನು ಹಾದುಹೋಯಿತು. ಅಪ್ಪ ಹಿಡಿಯಲಿಲ್ಲ. ಇನ್ನೊಂದು ಹೋಯಿತು. ಕೆಲವೊಮ್ಮೆ ಅವನು ಹಾಗೆ ಬಿಡುವುದುಂಟು, ಮೊದಲ ಮೀನಿಗೇ ಕೈ ಹಾಕುವವನು ಹಸಿದವನಲ್ಲ, ಆಸೆಬುರುಕ ಅನ್ನುತ್ತಿದ್ದ. ನಾನು ತಾಳ್ಮೆಯ ಬಗ್ಗೆ ಇನ್ನೆರಡು ಮಾತು ಸೇರಿಸಿದೆ. ಮಕ್ಕಳು ಉಸಿರು ಬಿಗಿಹಿಡಿದು ನೋಡುತ್ತಿದ್ದವು. ಅಷ್ಟು ಮಕ್ಕಳು ಅಷ್ಟು ಹೊತ್ತು ಸದ್ದಿಲ್ಲದೆ ಕೂತದ್ದನ್ನು ಅವರ ಟೀಚರುಗಳೂ ನೋಡಿರಲಿಕ್ಕಿಲ್ಲ. ಅವರು ಫೋನಿನಲ್ಲಿ ವಿಡಿಯೋ ತೆಗೆಯುತ್ತಿದ್ದರು. ಅಪ್ಪನ ಪಾತ್ರ ಇಷ್ಟು ಚೆನ್ನಾಗಿ ಹಿಂದೆಂದೂ ಬಂದಿರಲಿಲ್ಲ ಅಂದುಕೊಂಡೆ.

ಆಗ ಗರ್ಜನೆ ಬಂತು. ಅಪ್ಪ ತಿರುಗಿ ನೋಡಲಿಲ್ಲ.

ನಾನು ಮೈಕು ಹಿಡಿದೇ ಹೊಳೆಗೆ ಇಳಿದೆ. ಪ್ಲಾಸ್ಟಿಕ್ಕು ಕಾಲಿಗೆ ಸುತ್ತಿಕೊಂಡಿತು. ಡೈನೋಸಾರಿನ ಹೊಟ್ಟೆ ತಟ್ಟಿದೆ. ಅದು ಎರಡು ಕಾಲು ಒಂದು ಬಾಲ ಊರಿಕೊಂಡು ಗಟ್ಟಿಯಾಗಿ ನಿಂತಿತ್ತು.

"ಅಪ್ಪಾ," ಅಂದೆ.

ಮೈಕು ಆನ್ ಇತ್ತು. ನನ್ನ ದನಿ ನಾಲ್ಕೂ ಮಹಡಿಗಳಲ್ಲಿ ಕೇಳಿತು. ಬಟ್ಟೆ ಅಂಗಡಿಗಳಲ್ಲಿ, ಪಾರ್ಕಿಂಗಿನಲ್ಲಿ, ಲಿಫ್ಟಿನೊಳಗೆ. ಪ್ಯಾಂಟಿನ ದನಿ ಅದಾಗಿರಲಿಲ್ಲ ಅಂತ ಆಮೇಲೆ ಸೆಕ್ಯುರಿಟಿಯವರು ಹೇಳಿದರು. ಮಕ್ಕಳು ಇದೂ ಆಟದಲ್ಲಿ ಇರುವುದೇ ಅಂದುಕೊಂಡು ಚಪ್ಪಾಳೆ ಹೊಡೆದವು.

ಉಸ್ತುವಾರಿಯವರು ಬೂಟು ಕಾಲಿನಲ್ಲೇ ಓಡಿಬಂದು ಬೆನ್ನಿನ ಜಿಪ್ಪು ಎಳೆದರು. ಅಪ್ಪ ಚೌಕಟ್ಟಿಗೆ ನೇತುಬಿದ್ದಿದ್ದ, ಕಣ್ಣು ಮುಚ್ಚಿತ್ತು, ಮೈ ಬೆವರಿನಲ್ಲಿ ತಣ್ಣಗಾಗಿತ್ತು. ಪಟ್ಟಿ ಬಿಚ್ಚಿ ಎಳೆದು ನೀಲಿ ಹೊಳೆಯ ಮೇಲೆ ಮಲಗಿಸಿದೆವು. ಮೋಟಾರು ನಿಲ್ಲಿಸಲು ಯಾರಿಗೂ ಹೊಳೆಯಲಿಲ್ಲ, ಅವ್ವನ ಮೀನುಗಳು ಅವನ ಎದೆ ತಾಕಿಕೊಂಡು ಹೋಗುತ್ತಿದ್ದವು. ಯಾರೋ ಸಕ್ಕರೆ ನೀರು ತಂದರು. ಅಪ್ಪ ಕಣ್ಣು ಬಿಟ್ಟವನೇ ಪರದೆ ಬಿತ್ತೇನು ಅಂತ ಕೇಳಿದ. ಬಿತ್ತು ಅಂದೆ. ಇಲ್ಲಿ ಪರದೆ ಇಲ್ಲ ಅಂತ ಹೇಳುವ ಹೊತ್ತು ಅದಲ್ಲ.

ಇಂದಿರಾನಗರದ ಆಸ್ಪತ್ರೆಯಲ್ಲಿ ಡಾಕ್ಟರು ಎಲ್ಲ ನೋಡಿದರು. ಹೊಟ್ಟೆಯಲ್ಲಿ ಏನೂ ಇರಲಿಲ್ಲ, ಸಕ್ಕರೆ ಇಳಿದಿತ್ತು, ಒಳಗಿನ ಸೆಕೆ, ಅಷ್ಟೇ. ಏನು ಕೆಲಸ ಮಾಡ್ತಾರೆ ಅಂತ ನನ್ನನ್ನು ಕೇಳಿದರು. ಹೇಳಿದೆ. ಬರೆದುಕೊಳ್ಳುತ್ತಿದ್ದವರು ಪೆನ್ನು ನಿಲ್ಲಿಸಿ, ಮೀನು ತಿನ್ನೋ ಪಾತ್ರದವರು ಉಪವಾಸ ಇದ್ದರಾ ಅಂತ ಮತ್ತೊಮ್ಮೆ ಕೇಳಿದರು. ಹೌದು ಅಂದೆ. ಅವರು ಮುಂದೇನೂ ಬರೆಯಲಿಲ್ಲ. ಮಂಡಿಚಿಪ್ಪು ಎರಡೂ ಸವೆದಿದೆ, ಇದು ಇವತ್ತಿನದಲ್ಲ ಅಂತಲೂ ಹೇಳಿದರು.

ಅವ್ವ ಆಟೋದಲ್ಲಿ ಬಂದಳು. ಮಂಚದ ಹತ್ತಿರ ನಿಂತು ಬೈಯುತ್ತಾಳೆ ಅಂದುಕೊಂಡಿದ್ದೆ. ಬೈಯಲಿಲ್ಲ. ಅಪ್ಪನ ಕೈ ತೆಗೆದುಕೊಂಡು ಹೆಬ್ಬೆರಳನ್ನು ತುಂಬಾ ಹೊತ್ತು ಒತ್ತುತ್ತ ಕೂತಳು.

ಅಲ್ಲಿ ಅಪ್ಪ ನನಗೆ ಒಂದು ವಿಷಯ ಹೇಳಿದ. ಮೊದಲ ದಿನ ಅಲ್ಲಾಡದೆ ನಿಂತದ್ದು ಮಂಡಿ ನೋವಿಗಂತೆ. ತಾಲೀಮಿನಲ್ಲೇ ಗೊತ್ತಾಗಿತ್ತು, ಆ ಭಾರ ಹೊತ್ತು ನಾಲ್ಕು ಹೆಜ್ಜೆ ಇಟ್ಟರೆ ಐದನೆಯದು ಆಗುವುದಿಲ್ಲ ಅಂತ. ಹಂಗಾದ್ರ ಬಕ, ಹಲಸೂರ ಕೆರೆ, ಅವೆಲ್ಲ ಅಂತ ಕೇಳಿದೆ.

"ಮೊದಲ ಮಂಡಿ ನೋವು. ಆಮ್ಯಾಲ ಬಕ ನೋಡಿದ್ನಿ," ಅಂದ. "ನೋವೂ ಸುಳ್ಳಲ್ಲ, ಬಕಾನೂ ಸುಳ್ಳಲ್ಲ."

ಉಸ್ತುವಾರಿಯವರು ಇನ್ನು ಅವರನ್ನು ಒಳಗೆ ಬಿಡೋದಿಲ್ಲ ಅಂತ ಖಂಡಿತವಾಗಿ ಹೇಳಿದರು. ಇಂಗ್ಲಿಷಿನಲ್ಲಿ ಹೇಳಿದ್ದರಿಂದ ಸಿಟ್ಟಿಲ್ಲ ಅಂತ ತಿಳಿಯಿತು. ಆದರೆ ಪ್ರದರ್ಶನ ಮುಗಿಯಲು ಇನ್ನೂ ವಾರಗಳಿದ್ದವು, ಶಾಲೆಗಳು ಹೆಸರು ಕೊಟ್ಟಾಗಿತ್ತು. ನಾನು ಹೋಗ್ತೀನಿ ಸರ್ ಅಂದೆ. ಮೈಕು ಯಾರು ಹಿಡೀತಾರೆ ಅಂತ ಕೇಳಿದರು. ಅಪ್ಪ ಅಂದೆ. ಇಂಗ್ಲಿಷ್ ಅಂದರು. ಇಂಗ್ಲಿಷನ್ನು ನಾನು ಮೊದಲೇ ರೆಕಾರ್ಡ್ ಮಾಡಿಕೊಡ್ತೀನಿ ಅಂದೆ. ಅವರು ಬೇರೆ ದಾರಿ ಇದೆಯಾ ಅಂತ ಎರಡು ದಿನ ಹುಡುಕಿ, ಸರಿ ಅಂದರು.

ಒಳಗೆ ಹೊಕ್ಕ ಮೇಲೆ ನನಗೆ ಗೊತ್ತಾದದ್ದು, ಅಪ್ಪನಿಗೆ ಇಷ್ಟು ದಿನ ಏನೂ ಕಾಣುತ್ತಿರಲಿಲ್ಲ. ಡೈನೋಸಾರಿನ ಕಣ್ಣು ಇರುವುದು ಎಲ್ಲೋ ಮೇಲೆ. ಒಳಗಿನವರಿಗೆ ಕುತ್ತಿಗೆಯಲ್ಲಿ ಅಂಗೈಯಗಲದ ಒಂದು ಬಲೆ. ಅದರಿಂದ ಕಾಣುವುದು ಕಾಲುಗಳು. ಬಿಳಿ ಕ್ಯಾನ್ವಾಸು, ಹವಾಯಿ ಚಪ್ಪಲಿ, ಬುರ್ಖಾದ ಅಂಚಿನ ಕೆಳಗೆ ಮಿನುಗುವ ಚಪ್ಪಲಿ, ಅಜ್ಜಂದಿರ ಷೂ. ಎಷ್ಟು ಜನ ಬಂದಿದ್ದಾರೆ, ನಗುತ್ತಿದ್ದಾರಾ ಆಕಳಿಸುತ್ತಿದ್ದಾರಾ, ತಿಳಿಯುವುದಿಲ್ಲ. ಮೀನು ಬಂತು ಅಂತ ಗೊತ್ತಾಗುವುದು ಮೋಟಾರಿನ ಸದ್ದಿನಿಂದ. ನಾನು ಮೊದಲ ದಿನ ಎಂಟು ಮೀನಿಗೆ ಕೈ ಹಾಕಿ ಒಂದನ್ನು ಹಿಡಿದೆ. ಅದೂ ಬಾಲದಲ್ಲಿ.

ಆಗ ಮೇಲಿನಿಂದ ಅಪ್ಪನ ದನಿ ಬಂತು. ನಾನು ಬರೆದುಕೊಟ್ಟದ್ದನ್ನು ಅವನು ಓದಲಿಲ್ಲ. ಅವನಿಗೆ ಹತ್ತಿರದ ಕನ್ನಡಕ ಇರಲಿಲ್ಲ, ಇದ್ದರೂ ಓದುತ್ತಿರಲಿಲ್ಲ. ಕಂಪನಿಯ ಕನ್ನಡದಲ್ಲಿ, ತುಂಬು ದನಿಯಲ್ಲಿ, ಪದಕ್ಕೆ ಪದ ಬಿಡಿಸಿಟ್ಟು ಹೇಳಿದ:

"ಇವನಿಗೆ ಹಸಿವು ಉಂಟು, ಅವಸರ ಇಲ್ಲ. ಇವನ ಕೈಯಲ್ಲಿ ಆಯುಧ ಉಂಟು, ಯುದ್ಧ ಇಲ್ಲ. ಹೊಳೆ ಇವನ ಅನ್ನದ ತಟ್ಟೆ. ಆ ತಟ್ಟೆಯಲ್ಲಿ ಊಟ ಓಡಾಡುತ್ತದೆ, ಇವನು ನಿಂತಿರುತ್ತಾನೆ."

ಎದುರಿನ ಕಾಲುಗಳು ಅಲ್ಲಾಡುವುದು ನಿಂತವು. ಹಲ್ಲಿನ ಬಗ್ಗೆ ಹೇಳಿದ, ಹಿಂದಕ್ಕೆ ಸರಿದ ಮೂಗಿನ ಬಗ್ಗೆ ಹೇಳಿದ, ಮರಿಯನ್ನು ತಿಂದ ಹಬ್ಬದ ದಿನದ ಬಗ್ಗೆಯೂ ಹೇಳಿದ. ಕೊನೆಗೆ ಅದು ಸತ್ತು ಕೆಸರಿನಲ್ಲಿ ಮಲಗಿದ್ದು, ಕೆಸರು ಕಲ್ಲಾಗುತ್ತ ಹೋದರೂ ಹೊಟ್ಟೆಯ ಹುರುಪೆ ಹಾಗೇ ಉಳಿದದ್ದು. ಸತ್ತ ದಿನವೂ ಊಟ ಮಾಡಿಯೇ ಸತ್ತ, ಅದೇ ಇವನ ಪುಣ್ಯ ಅಂದ. ಅದು ಮೂಲದಲ್ಲಿ ಇರಲಿಲ್ಲ.

ನನಗೆ ಕಣ್ಣು ಉರಿಯುತ್ತಿತ್ತು. ಬೆವರು ಇಳಿದಿರಬೇಕು. ಒರೆಸಿಕೊಳ್ಳಲು ಆಗಲಿಲ್ಲ, ಕೈಗಳಲ್ಲಿ ಉಗುರುಗಳಿದ್ದವು.

ಕೊನೆಯ ಭಾನುವಾರ ಅವ್ವ ಬಂದಳು. ಮುಂದಿನ ಸಾಲಿನಲ್ಲಿ ಕೂತಳು. ಅವಳ ಚಪ್ಪಲಿ ನನಗೆ ಗುರುತು ಸಿಕ್ಕಿತು. ಆಟ ಮುಗಿಯುವವರೆಗೂ ಆ ಕಾಲುಗಳು ಜೋಡಿಸಿಟ್ಟ ಹಾಗೇ ಇದ್ದವು. ಮುಗಿದ ಮೇಲೆ ನಾನು ಬಟ್ಟೆ ಬದಲಿಸಿ ಬರುವ ಹೊತ್ತಿಗೆ ಅವಳು ಉಸ್ತುವಾರಿಯವರಿಗೆ ಶೇಂಗಾ ಚಟ್ನಿ ಪುಡಿಯ ಪೊಟ್ಟಣ ಕೊಟ್ಟು, ಅದನ್ನು ಯಾವುದರ ಜೊತೆ ತಿನ್ನಬೇಕು ಅಂತ ಹೇಳಿಕೊಡುತ್ತಿದ್ದಳು. ಮೀನಿನ ಜೊತೆ ತಿನ್ನಬಹುದಾ ಅಂತ ಅವರು ಕೇಳಿದರು. ನೀವು ತಿನ್ನಬಹುದು ಅಂದಳು.

ಮೆಟ್ರೊದಲ್ಲಿ ಮೂವರಿಗೂ ಸೀಟು ಸಿಕ್ಕಿತು. ಬೈಯಪ್ಪನಹಳ್ಳಿ ದಾಟಿದ ಮೇಲೆ ಅಪ್ಪ, ಎದುರಿನ ಕಿಟಕಿ ನೋಡುತ್ತ, ಹೆಂಗಿತ್ತು ಅಂತ ಕೇಳಿದ. ಯಾರನ್ನು ಕೇಳಿದ ಅಂತ ತಿಳಿಯಲಿಲ್ಲ.

"ಜೋರ ಜಾಸ್ತಿ ಆತು," ಅಂದೆ.

"ಹಿಂದಿನ ಸಾಲಿಗೆ ಕೇಳಬೇಕಲ್ಲ."

"ಸ್ಪೀಕರ ಇರತಾವಪ್ಪ ಅಲ್ಲಿ."

ಅವ್ವ ಇಬ್ಬರ ನಡುವೆ ಕೂತಿದ್ದಳು. ಮಾತು ಚಲೋ ಇತ್ತು ಅಂದಳು. ಕೆ.ಆರ್. ಪುರ ಬಂತು. ಅಪ್ಪ ಇಳಿಯುವಾಗ ಎದ್ದು ನಿಂತು, ಮುಂದಿನ ಸ್ಟೇಷನ್ನಿನ ಹೆಸರು ಹೇಳಿದ ಮೆಟ್ರೊದ ದನಿಗೆ ತಲೆಯಾಡಿಸಿದ, ಪರವಾಗಿಲ್ಲ ಅನ್ನುವ ಹಾಗೆ.

ವೇಷವನ್ನು ಪೆಟ್ಟಿಗೆಗಳಲ್ಲಿ ತುಂಬಿ ಲಾರಿಯಲ್ಲಿ ಬೇರೆ ಊರಿಗೆ ಒಯ್ದರು. ನಾನು ಮತ್ತೆ ಕಾರಿನ ದೀಪಗಳಿಗೆ ಮರಳಿದೆ. ಕೊನೆಯ ದಿನಗಳಲ್ಲಿ ಆಟ ನೋಡಿದ್ದ ಪುಲಿಕೇಶಿನಗರದ ಒಬ್ಬ ಮಹಿಳೆ ತಮ್ಮ ಮನೆಯ ಕೆಳಗೆ ಮಕ್ಕಳ ಪುಸ್ತಕಾಲಯ ನಡೆಸುತ್ತಾರೆ. ಅವರು ಅಪ್ಪನನ್ನು ಶನಿವಾರಗಳಂದು ಕಥೆ ಹೇಳಲು ಕರೆದರು. ಅಲ್ಲಿನ ಮಕ್ಕಳು ಮನೆಯಲ್ಲಿ ಉರ್ದು, ತಮಿಳು, ಇಂಗ್ಲಿಷು ಆಡುವವರು. ಅಪ್ಪನ ಕಂಪನಿ ಕನ್ನಡ ಅವರಿಗೆ ಎಷ್ಟು ತಿಳಿಯುತ್ತದೋ ಗೊತ್ತಿಲ್ಲ, ಆದರೆ ಪ್ರತಿ ವಾರ ಬರುತ್ತಾರೆ. ಅಪ್ಪ ಕುರ್ಚಿಯಲ್ಲಿ ಕೂತು ಹೇಳುತ್ತಾನೆ, ಮಂಡಿಗೆ ಅದು ಹಿತ.

ಹೋದ ತಿಂಗಳು ಒಂದು ಸಣ್ಣ ಹುಡುಗಿ, ತಾತ, ಆ ಮೀನು ತಿನ್ನೋ ಡೈನೋಸಾರ್ ಅಳ್ತಿತ್ತಾ ಅಂತ ಕೇಳಿದಳಂತೆ. ಅಪ್ಪ ಮುಂದಿನ ವಾರ ಹೇಳ್ತೀನಿ ಅಂದು, ಮನೆಗೆ ಬಂದು ನನ್ನನ್ನು ಕೇಳಿದ. ಫೋನಿನಲ್ಲಿ ಹುಡುಕಿ ನೋಡಿದೆ. ಮೊಸಳೆಯ ಕಣ್ಣೀರಿನ ಬಗ್ಗೆ ಬೇಕಾದಷ್ಟು ಇತ್ತು, ಇದರ ಬಗ್ಗೆ ಏನೂ ಇರಲಿಲ್ಲ. ಗೊತ್ತಿಲ್ಲ ಅಂದೆ. ಶನಿವಾರ ಅವನು ಇಸ್ತ್ರಿ ಮಾಡಿದ ಜುಬ್ಬಾ ಹಾಕಿಕೊಂಡು ಹೋಗಿ, ಯಾರಿಗೂ ಗೊತ್ತಿಲ್ಲ ಅಂತ ಹೇಳ್ಯಾರ ತಂಗಿ ಅಂತ ಅವಳಿಗೆ ಹೇಳಿ ಬಂದ.